ಸಾಕ್ಷಿಗೆ ಬಂದ ಅಮ್ಮ

ಮಾರ್ಚ್ 11, ಮಂಗಳವಾರ. ಕಂಪಾಲಾ.

ಅಮ್ಮನ ಮಾತು ಇನ್ನೂ ಕಿವಿಯಲ್ಲೇ ಇದೆ. ನನಗೆ ಎಡಿಎಚ್‌ಡಿ, ಅಂದರೆ ಚಿಕ್ಕಂದಿನಲ್ಲೇ ಶುರುವಾಗುವ ಗಮನ ನಿಲ್ಲದ ತೊಂದರೆ, ಇದೆಯೇ ಎಂದು ತಿಳಿಯಲು, ಚಿಕ್ಕಂದಿನಿಂದ ನನ್ನನ್ನು ಬಲ್ಲವರೊಬ್ಬರು ಬೇಕು ಎಂದಿದ್ದರು ಡಾಕ್ಟರ್. ಮಸಾಕಾದಿಂದ ಅಮ್ಮನನ್ನು ಕರೆಸಿಕೊಂಡೆ.

"ಸ್ಕೂಲಿಗೆ ಹೋಗೋವಾಗ ನಿಮ್ಮ ಮಗಳು ಪೆನ್ನು, ಪುಸ್ತಕ ಮರೀತಿದ್ರಾ ಅಮ್ಮಾ?" ಎಂದು ಕೇಳಿದರು ಡಾಕ್ಟರ್.

"ನಕಾಟೊನಾ? ಒಂದು ದಿನಾನೂ ಇಲ್ಲ ಡಾಕ್ಟ್ರೇ. ಇಬ್ಬರು ಅವಳಿಗಳೂ ಅಷ್ಟು ಅಚ್ಚುಕಟ್ಟು. ಈ ಮರೆವು, ಗಡಿಬಿಡಿ ಎಲ್ಲಾ ಇವಳ ಅಕ್ಕ ಹಾರಿಹೋದ ಮೇಲೆ ಶುರುವಾಗಿದ್ದು."

ನಮ್ಮಲ್ಲಿ ಅವಳಿಗಳು ಸತ್ತರು ಎನ್ನಬಾರದು, ಹಾರಿಹೋದರು ಎನ್ನಬೇಕು. ಅಮ್ಮ ಡಾಕ್ಟರ ಮುಂದೆಯೂ ಅನ್ನಲಿಲ್ಲ.

ನನ್ನ ಪೆನ್ನು, ಲೆಕ್ಕದ ಪುಸ್ತಕ, ಊಟದ ಡಬ್ಬಿ ಎಲ್ಲವೂ ಅಕ್ಕ ಬಾಬಿರ್ಯೆಯ ಚೀಲದಲ್ಲಿರುತ್ತಿದ್ದವು. ಅವಳು ಹಿಂದಿನ ಬೆಂಚು. ತಿರುಗಿ ನೋಡದೆ ಕೈ ಚಾಚಿದರೆ ಸಾಕು, ಬೇಕಾದದ್ದು ಕೈಗೆ ಬರುತ್ತಿತ್ತು. ನಾನು ಎಂಥವಳು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನು ಹೇಳಬೇಕೆಂದುಕೊಂಡೆ. ಆದರೆ ಅಮ್ಮ ಹಬ್ಬದ ಗೊಮೆಸಿ ಉಟ್ಟು, ಮಗಳ ಮಾನ ಉಳಿಸಿದ ಖುಷಿಯಲ್ಲಿ ಕೂತಿದ್ದಳು.

"ಇದು ಬರೀ ದುಃಖ ಇರಬಹುದು," ಎಂದರು ಡಾಕ್ಟರ್. "ನಿಮ್ಮನ್ನ ಇನ್ನೂ ಹತ್ತಿರದಿಂದ ನೋಡಿದವರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ."

ಇಲ್ಲ ಎಂದೆ.

ಗೇಟಿನ ಹತ್ತಿರ ಟ್ಯಾಕ್ಸಿಗೆ ಕಾಯುತ್ತ ನಿಂತಾಗ, ಯೋಚಿಸದೆಯೇ ಕೈಯನ್ನು ಹಿಂದಕ್ಕೆ ಚಾಚಿದೆ. ಚೀಲವನ್ನು ಡಾಕ್ಟರ ಕೋಣೆಯಲ್ಲೇ ಬಿಟ್ಟು ಬಂದಿದ್ದೆ.

"ಏನೇ, ಏನು ಬೇಕಿತ್ತು?" ಎಂದಳು ಅಮ್ಮ.

ಚೀಲ, ಎಂದೆ. ಕೈ ಮಾತ್ರ ಸ್ವಲ್ಪ ಹೊತ್ತು ಹಾಗೇ ಹಿಂದಕ್ಕೆ ಚಾಚಿಕೊಂಡಿತ್ತು.