ಮಂಗಳವಾರದ ನೀರು

ವನದುರ್ಗ, ತಾ. ಶಹಾಪುರ
ಶುಕ್ರವಾರ, 2-8-1996

ಗೆಳತಿ ನಜೀಮಾ,

ಸುರಪುರದಲ್ಲಿ ನೀನೂ ನಿನ್ನ ಶಾಲೆಯ ಮಕ್ಕಳೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ಎಲ್ಲ ಸುಮಾರು. ಹಾಳೆಗೆ ಹಿಟ್ಟು ಹತ್ತಿದೆ, ಜಾಡಿಸಿ ಓದು. ಗಿರಣಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕರೆಂಟ್ ಹೋಗಿದೆ, ಜೋಳದ ಡಬ್ಬಿ ಪಾಳಿಯಲ್ಲಿಟ್ಟಿದ್ದೇನೆ. ಕರೆಂಟ್ ಈಗಲೇ ಬಂದೀತೋ, ಬಂದರೆ ಅರ್ಧಕ್ಕೇ ಏಳಬೇಕಾದೀತೋ, ಅದೊಂದು ಚಿಂತೆ. ಬರದಿದ್ದರೆ ಮನೆಯಲ್ಲಿ ಹಿಟ್ಟಿಲ್ಲ, ಅದೂ ಚಿಂತೆ.

ಕತೆ ಎಲ್ಲಿಗೆ ಬಂತು ಅಂತ ಕೇಳಿದ್ದಿ. ತಿಂಗಳ ಕೊನೆಗೆ ಪತ್ರಿಕೆಗೆ ಕಳಿಸೋಣ ಅಂತಲೂ ಬರೆದಿದ್ದಿ. ಆಗುವುದಿಲ್ಲ ನಜೀಮಾ. ಬಿಟ್ಟುಬಿಟ್ಟೆ. ಇನ್ನು ನೋಟ್‌ಬುಕ್ ಕಳಿಸಬೇಡ. ಯಾಕೆ ಅಂತ ಹೇಳದಿದ್ದರೆ ನೀನು ಬಸ್ಸು ಹತ್ತಿ ಬಂದೇಬಿಡುತ್ತೀಯ, ಅದಕ್ಕೆ ಹೇಳುತ್ತೇನೆ.

ನಾನು ಎಲ್ಲಿ ಕೂತು ಬರೆಯುತ್ತೇನೆ ಅಂತ ನಿನಗೆ ಯಾವತ್ತೂ ತಿಳಿಸಿಲ್ಲ. ಮನೆಯಲ್ಲಂತೂ ಅಲ್ಲ. ಮನೆಯಲ್ಲಿ ಪೆನ್ನು ಹಿಡಿದರೆ ಸಾಕು, ಅತ್ತೆ "ಯಾರಿಗೆ ಅರ್ಜಿ ಬರಿಯಾಕತ್ತೀದಿಯವ್ವ, ಡಿಸಿ ಸಾಬ್ರಿಗೇನ?" ಅನ್ನುತ್ತಾರೆ. ಕಾಲುವೆ ಬರುವ ಮುಂಚೆ ರಾಶಿ ಆದಮೇಲೆ ಬೇಸಿಗೆಯಿಡೀ ಕೈ ಖಾಲಿ ಇರುತ್ತಿತ್ತು. ಈಗ ಎರಡು ಬೆಳೆ ಭತ್ತ. ನಾಟಿ, ಕಳೆ, ಕೊಯ್ಲು, ಮತ್ತೆ ನಾಟಿ.

ನನಗೆ ಸಿಕ್ಕಿದ್ದು ಮಂಗಳವಾರ. ಆವತ್ತು ಹತ್ತು ಗಂಟೆಯಿಂದ ಎರಡರತನಕ ಕಾಲುವೆಯ ನೀರು ನಮ್ಮ ಪಾಳಿ. ತೂಬಿನ ಹತ್ತಿರ ಒಬ್ಬರು ಕಾವಲು ಕೂಡಬೇಕು, ಇಲ್ಲದಿದ್ದರೆ ಮೇಲಿನ ಹೊಲದವರು ನೀರು ತಿರುಗಿಸಿಕೊಳ್ಳುತ್ತಾರೆ. ನಮ್ಮ ಗದ್ದೆ ತುಂಬಿದ ಕೂಡಲೇ ಮಣ್ಣು ಹಾಕಿ ಬಾಯಿ ಕಟ್ಟಬೇಕು. ಅಷ್ಟೇ ಕೆಲಸ. ಬಿಸಿಲಲ್ಲಿ ಕೂಡುವುದು ಯಾರಿಗೂ ಬೇಡ. ನಾನು ಕೂಡುತ್ತೇನೆ ಅಂದೆ. ನಮ್ಮ ಮನೆಯವರು ನಾಲ್ಕು ಮಂದಿಯ ಮುಂದೆ ಹೊಗಳಿಕೊಂಡರು. ಬುತ್ತಿಯ ಬಟ್ಟೆಯಲ್ಲಿ ರೊಟ್ಟಿಯ ಕೆಳಗೆ ನಿನ್ನ ನೋಟ್‌ಬುಕ್ ಇರುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ, ಕಾಲುವೆಯಲ್ಲಿ ನೀರಿದ್ದಷ್ಟು ದಿನ, ಮಂಗಳವಾರಕ್ಕೊಂದು ಪುಟ. ಕೆಲವು ಸಲ ಅದೂ ಇಲ್ಲ.

ಮೊನ್ನೆ ಮಂಗಳವಾರ ಹುಲಗಪ್ಪ ಗೇಟು ಜಾಸ್ತಿ ಎತ್ತಿದ. ಹುಲಗಪ್ಪ ಅಂದರೆ ನಮ್ಮ ಕಡೆಯ ಕಾಲುವೆಗೆ ಗೇಟು ಎತ್ತಿ ಇಳಿಸುವವನು, ದಿನಗೂಲಿಯವನು. ನೀರು ಉಕ್ಕಿ, ಬದು ಒಡೆದು, ಪಕ್ಕದ ಲಾಲಮ್ಮನ ಹೊಲಕ್ಕೆ ನುಗ್ಗಿತು. ಅವಳು ಆವತ್ತು ಬೆಳಿಗ್ಗೆಯೇ ಸಸಿ ಮಾಡಲು ಮೊಳಕೆ ಭತ್ತ ಚೆಲ್ಲಿದ್ದಳು. ಎಲ್ಲ ಕೊಚ್ಚಿಹೋಗಿ ಒಂದು ಮೂಲೆಗೆ ಸೇರಿತು.

ಇಲ್ಲ. ಹುಲಗಪ್ಪ ಎಷ್ಟು ಎತ್ತಬೇಕೋ ಅಷ್ಟೇ ಎತ್ತಿದ್ದ. ಮೇಲೆ ಬರೆದದ್ದು ನಾನು ಊರಲ್ಲಿ ಹೇಳಿದ ಮಾತು. ಬಾಯಿಗೆ ಬಂದದ್ದು ಕೈಗೂ ರೂಢಿಯಾಗಿದೆ ನೋಡು.

ನಡೆದದ್ದು ಬೇರೆ. ಕತೆಯಲ್ಲಿ ಆ ಹುಡುಗಿ ಇದ್ದಾಳಲ್ಲ, ಕಾಲುವೆ ಅಗೆಯುವ ತಾಯಿಗೆ ರೊಟ್ಟಿ ಒಯ್ಯುವವಳು. ತಾಯಿ ಮಣ್ಣಿನ ಕೈಯಲ್ಲೇ ರೊಟ್ಟಿ ಮುರಿದು ಏನು ಅನ್ನುತ್ತಾಳೆ ಅಂತ ಮೂರು ವಾರದಿಂದ ಹೊಳೆದಿರಲಿಲ್ಲ. ನನ್ನ ಅವ್ವ ಏನು ಅಂದಿದ್ದಳು ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಅವ್ವ ಕಾಲುವೆ ಕೆಲಸಕ್ಕೆ ಹೋದಾಗ ತಮ್ಮನನ್ನು ನೋಡಿಕೊಳ್ಳಲು ನನ್ನನ್ನು ಏಳನೆಯದರಲ್ಲಿ ಶಾಲೆ ಬಿಡಿಸಿದ್ದು ನಿನಗೇ ಗೊತ್ತು, ಪಕ್ಕದಲ್ಲಿ ಕೂಡುತ್ತಿದ್ದವಳು ನೀನೇ. ಆವತ್ತು ಅವ್ವನ ಮಾತು ನೆನಪಿಗೆ ಬಂತು. ಅದರ ಹಿಂದೆ ಸಾಲಿನ ಮೇಲೆ ಸಾಲು. ಪುಟ ತಿರುವಿದ್ದೂ, ಗದ್ದೆ ತುಂಬಿದ್ದೂ ಗೊತ್ತಾಗಲಿಲ್ಲ. ಕಾಲು ತಣ್ಣಗಾದಾಗ ನೋಡಿದೆ. ಕೂತಲ್ಲಿಗೇ ನೀರು ಬಂದಿತ್ತು.

ಲಾಲಮ್ಮ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ನನ್ನ ಬಾಯಿಂದ ಹುಲಗಪ್ಪನ ಹೆಸರು ಬಿತ್ತು. ಸಂಜೆ ಊರ ಹಿರಿಯರು ಅವನನ್ನು ಪಂಚಾಯ್ತಿ ಕಟ್ಟೆಗೆ ಕರೆಸಿ, ಕೆಲಸದಿಂದ ತೆಗೆಸುತ್ತೇವೆ ಅಂದರಂತೆ. ನಾನು ಬರೆಯುವುದನ್ನು ಅವನು ಎಷ್ಟೋ ಸಲ ನೋಡಿದ್ದಾನೆ. "ಮಕ್ಕಳ ಅಭ್ಯಾಸ ನೀವ ಮಾಡ್ತೀರೇನ್ರಿ ಅಕ್ಕಾರ?" ಅಂತ ನಗುತ್ತಿದ್ದ. ಕಟ್ಟೆಯಲ್ಲಿ ಅದನ್ನು ಬಾಯಿಬಿಡಲಿಲ್ಲವಂತೆ. ತಲೆ ಬಗ್ಗಿಸಿ ನಿಂತಿದ್ದನಂತೆ.

ನಿನ್ನೆ ಬೆಳಿಗ್ಗೆ ಲಾಲಮ್ಮನ ಮನೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಿದಳು. "ನಿದ್ದಿ ಹತ್ತಿತ್ತಂದ್ರ ಹೋಗ್ಲಿ ಅಂತಿದ್ದೆ ಮಲಕವ್ವ. ಎಚ್ಚರಿದ್ದು ನೋಡ್ಲಿಲ್ಲಂದ್ರ ಏನನ್ಲಿ ನಿನಗ?" ಅಂದಳು. ಆಮೇಲೆ, "ನೀ ಬರ್ದಿದ್ದು ಚೆಲ್ಲಿದ್ರ ಸಸಿ ಏಳ್ತದೇನ?" ಅಂದಳು. ಬೀಜ ನಮ್ಮ ಮನೆಯಿಂದ ಕೊಡಬೇಕು, ಅವಳ ನಾಟಿಗೆ ನಾನು ಎಂಟು ದಿನ ಪುಕ್ಕಟೆ ದುಡಿಯಬೇಕು ಅಂತ ಮಾತಾಯಿತು. ಅವಳೇ ಕಟ್ಟೆಗೆ ಹೋಗಿ ಹುಲಗಪ್ಪನ ತಪ್ಪಿಲ್ಲ ಅಂತ ಹೇಳಿ ಬಂದಳು. ನಾನು ಅವನ ಮನೆಗೆ ಹೋದೆ. "ಇರ್ಲಿ ಬಿಡ್ರಿ ಅಕ್ಕಾರ" ಅಂದ. ಅವನ ಹೆಂಡತಿ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ.

ನಮ್ಮ ಮನೆಯವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇನ್ನ ಮ್ಯಾಲೆ ನೀರಿಗಿ ನಾ ಕೂಡ್ತೀನಿ, ನೀ ಮನ್ಯಾಗಿರು" ಅಂದರು. ನನ್ನ ಮಂಗಳವಾರ ಹೋಯಿತು.

ಆ ಪುಟ ಹರಿದು ಕಾಲುವೆಗೆ ಬಿಟ್ಟೆ. ಸಾಕಾಗಿದೆ ನಜೀಮಾ. ಕದ್ದು ಬರೆದು, ಕದ್ದದ್ದಕ್ಕೆ ಹೆದರಿ, ಬರೆಯುವುದಕ್ಕಿಂತ ಹೆದರುವುದಕ್ಕೇ ಹೆಚ್ಚು ಹೊತ್ತು ಹೋಗಿದೆ.

ಕರೆಂಟ್ ಬಂತು. ಮುಗಿಸುತ್ತೇನೆ. ಸಿಟ್ಟಾಗಬೇಡ, ಸಿಟ್ಟಾದರೂ ಒಂದು ಕಾರ್ಡು ಹಾಕು.

ಏಳಲೋ ಬೇಡವೋ ಅಂತ ಕೂತಿರುವ ನಿನ್ನ ಗೆಳತಿ,
ಮಲಕಮ್ಮ

ತಾ.ಕ.: ಪುಟ ಕಾಲುವೆಗೆ ಬಿಟ್ಟೆ ಅಂದದ್ದು ಸುಳ್ಳು. ಮಡಚಿ ಇದೇ ಕವರಿನಲ್ಲಿಟ್ಟಿದ್ದೇನೆ, ಅಂಚು ನೆನೆದಿದೆ. ಅವ್ವನ ಮಾತು ಕೊನೆಯ ಮೂರು ಸಾಲಿನಲ್ಲಿದೆ. ಲಾಲಮ್ಮನ ಬೀಜಕ್ಕೆ ಅದು ಸಮ ಆದೀತೋ ಇಲ್ಲವೋ ಟೀಚರ್ ಆಗಿ ಹೇಳು, ಗೆಳತಿಯಾಗಿ ಬೇಡ. ಕತೆಯ ಮುಂದಿನ ಅರ್ಧ ಪುಟ ಈ ಹಾಳೆಯ ಹಿಂಬದಿಯಲ್ಲಿದೆ, ಈಗ ಬರೆದದ್ದು. ಗಿರಣಿಯವನು ಮೂರು ಸಲ ನನ್ನ ಡಬ್ಬಿ ಕೂಗಿದ. ಮೂರೂ ಸಲ ಹಿಂದಿನವರನ್ನು ಮುಂದೆ ಬಿಟ್ಟೆ.