ಕುಸ್ತಿಯ ಕೆಳಗಿನ ಕಂತು

ಮಾರ್ಚ್ ೯, ಸೋಮವಾರ

ಅಂಗಿಯ ತೋಳಿನ ರಕ್ತ ಎಷ್ಟು ತೊಳೆದರೂ ಹೋಗುತ್ತಿಲ್ಲ.

ನಮ್ಮ ಟೀವಿ ವಾಹಿನಿಯ ಇಪ್ಪತ್ತು ವರ್ಷದ ಹಿಂದಿನ ಅಂತರಿಕ್ಷ ಧಾರಾವಾಹಿಯನ್ನು ಮತ್ತೆ ಪ್ರಸಾರ ಮಾಡಲೆಂದು ಟೇಪು ಹಾಕಿದರೆ, ಕೊನೆಯ ಕಂತಿನ ಮೇಲೆ ಯಾವುದೋ ಕುಸ್ತಿ ಪಂದ್ಯ ಮುದ್ರಿಸಿಬಿಟ್ಟಿದ್ದಾರೆ. ಆ ಕಂತಿನಲ್ಲಿ ನೌಕೆಯ ನಾಯಕಿಯಾಗಿದ್ದವಳು, ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿ.

ಟೇಪುಗಳ ಕೋಣೆ ನೋಡಿಕೊಳ್ಳುವವನು ಅವಳ ತಮ್ಮನೇ. ಕೊರಳಪಟ್ಟಿ ಹಿಡಿದು ಕಪಾಟಿಗೆ ಅಪ್ಪಳಿಸಿ ಬಾಯಿಗೆ ಗುದ್ದಿದೆ. ಹಲ್ಲು ಮುರಿಯಿತು. ಮತ್ತೂ ಗುದ್ದಿದೆ. ಅವನು ಕೈಯೆತ್ತಲಿಲ್ಲ.

"ಬೇಕಂತ್ಲೇ ಅಳಿಸ್ದೆ ಭಾವ," ಎಂದ, ರಕ್ತ ಉಗುಳಿ. "ಅದ್ರಲ್ಲಿ ಅಕ್ಕ ಉಸಿರುಗಟ್ಟಿ ಸಾಯ್ತಾಳೆ. ಆಸ್ಪತ್ರೇಲೂ ಹಾಗೇ ಹೋದ್ಳಲ್ಲ. ಊರೆಲ್ಲ ಅದನ್ನ ನೋಡೋದು ಬೇಡ ಅನ್ನಿಸ್ತು."

ವೈದ್ಯರ ಬಳಿಗೆ ನಾನೇ ಕರೆದೊಯ್ದೆ. ತುಟಿಗೆ ಹೊಲಿಗೆ ಹಾಕುವಾಗ ನನ್ನ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಲಿಲ್ಲ. ಕ್ಷಮಿಸಿದೆ ಎನ್ನಲು ಮಾತ್ರ ಬಾಯಿ ಬರಲಿಲ್ಲ.