ಮೂರನೆಯ ಡಬ್ಬಿ

ಮಾರ್ಚ್ 8, ಶನಿವಾರ. ಬೆಳಿಗ್ಗೆ

ಅನ್ನ ಆರಿತು. ಮೆತ್ತಗೆ ಹಿಚುಕಿ, ಕಾಯಿಸಿ ಆರಿಸಿದ ಹಾಲು ಸುರಿದೆ. ಮೇಲೆ ಚಮಚದ ತುದಿಯಷ್ಟು ಹೆಪ್ಪು. ಈಗ ಹಾಲನ್ನ. ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಮುಚ್ಚಳ ತೆಗೆಯುವ ಹೊತ್ತಿಗೆ ಮೊಸರನ್ನ. ಮೊಸರನ್ನೇ ಕಲಸಿ ಒಯ್ದರೆ ಈ ಬಿಸಿಲಿಗೆ ಶಹಾಪುರ ಮುಟ್ಟುವುದರೊಳಗೆ ಹುಳಿ. ಹಾಲಾದರೆ ದಾರಿಯೇ ಹೆಪ್ಪುಗಟ್ಟಿಸುತ್ತದೆ. ನಮ್ಮವ್ವ ಕಲಿಸಿದ್ದು. ನನಗೂ, ತಂಗಿ ಸರಿತಾಗೂ.

ಎರಡು ಸ್ಟೀಲ್ ಡಬ್ಬಿ. ನಂದಿನಿಗೆ ದೊಡ್ಡದು, ಬಾಲರಾಜನಿಗೆ ಸಣ್ಣದು. ಒದ್ದೆ ಬಟ್ಟೆ ಸುತ್ತಿ ಕಿಟಕಿಯಲ್ಲಿಟ್ಟೆ, ಗಾಳಿಗೆ. ಥರ್ಮಾಸ್‌ನಲ್ಲಿ ಹಾಲು. ನೀರಿಗೆ ಮಣ್ಣಿನ ತತ್ರಾಣಿ, ಒಡೆಯದಂತೆ ಗೋಣಿತಟ್ಟಿನ ಅಂಗಿ. ಬಸ್ಸಿನಲ್ಲಿ ಎಲ್ಲರೂ ನೋಡುತ್ತಾರೆ. ನೋಡಲಿ.

ನಂದಿನಿ ಬೆಳಗಿನ ಶಾಲೆ ಮುಗಿಸಿ ಬಂದ ಕೂಡಲೇ ಹೊರಡಬೇಕು. ಶಹಾಪುರ, ಸುರಪುರ, ಆಮೇಲೆ ನಾರಾಯಣಪುರ. ಅವರಪ್ಪ ಲಕ್ಷ್ಮಿಕಾಂತನ ಕ್ವಾರ್ಟರ್ಸಿಗೆ. ಸರಿತಾ ಹೋದ ಮೇಲೆ ಹೀಗೇ... ವಾರವೆಲ್ಲ ಯಾದಗಿರಿಯಲ್ಲಿ ನನ್ನ ಹತ್ತಿರ. ಶನಿವಾರ ಅಪ್ಪನ ಹತ್ತಿರ, ರವಿವಾರ ವಾಪಸ್ಸು. ತಂಗಿಯ ಮಕ್ಕಳು. ನಂದಿನಿಗೆ ಏಳು, ಬಾಲರಾಜನಿಗೆ ಮೂರು.

ಸಂಜೆ. ನಾರಾಯಣಪುರ

ಹಳಸಿತ್ತು. ಎರಡೂ. ಹೋದ ವಾರದ ಹಾಗೇ. ಮುಚ್ಚಳ ತೆಗೆದರೆ ಮುಖಕ್ಕೆ ಹೊಡೆಯುವ ನಾತ, ಬೆರಳಿಗೆ ನೂಲಿನಂಥ ಎಳೆ. ಹಾಲೂ ಒಡೆದಿತ್ತು.

ಬಾಲರಾಜ ದಾರಿಯಲ್ಲಿ ಬೇರೇನೂ ಮುಟ್ಟುವುದಿಲ್ಲ. ಬಿಸ್ಕಿಟ್ ಉಗುಳಿದ. ಬಾಳೆಹಣ್ಣು ಎಸೆದ. ಅವ್ವ ಇದ್ದಾಗ ಬಸ್ಸಿನಲ್ಲಿ ತಿಂದದ್ದು ಮೊಸರನ್ನ, ಈಗಲೂ ಅದೇ ಬೇಕು. ನಾನು ಬಾಳೆಹಣ್ಣು ಹೆಕ್ಕಲು ಬಗ್ಗಿದಾಗ ಹಳಸಿದ್ದನ್ನೇ ಎರಡು ತುತ್ತು ಬಾಯಿಗೆ ಹಾಕಿಕೊಂಡುಬಿಟ್ಟ. ಹುಣಸಗಿ ದಾಟುವುದರೊಳಗೆ ವಾಂತಿ.

ಲಕ್ಷ್ಮಿಕಾಂತ ಗೇಟಿನಲ್ಲೇ ಎತ್ತಿಕೊಂಡ. "ಅಕ್ಕಾರ, ಮತ್ತ ಹಂಗೇ ಆತೇನ್ರಿ?" ಬೈದದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 9

ಲಕ್ಷ್ಮಿಕಾಂತನ ತಾಯಿ ಸಾಯಬಮ್ಮ ಕಕ್ಕೇರಾದಿಂದ ಬಂದಿದ್ದಾಳೆ. ಡಬ್ಬಿ ಮೂಸಿ ನೋಡಿದಳು.

"ಬುತ್ತಿ ಹಂಗೇ ಒಯ್ತೀ ಏನ ತಂಗಿ? ಒಂದು ಇದ್ದಲಿ ಚೂರು ಇಟ್ಟಿಲ್ಲ, ಒಂದು ಮೆಣಸಿನಕಾಯಿ ಇಟ್ಟಿಲ್ಲ. ಬಿಳಿ ಅನ್ನದ ವಾಸನಿಗಿ ಬರ್ತಾವ."

"ಏನು ಬರ್ತಾವ್ರಿ?"

"ಏನಂತ ಕೇಳ್ತಾಳ ನೋಡು! ಎಂಎ ಮಾಡ್ಯಾಳಂತ, ಕಾಲೇಜಿನಾಗ ಕಲಸ್ತಾಳಂತ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ದಾರ್ಯಾಗ ಸತ್ತಾಕಿ ದಾರ್ಯಾಗೇ ಇರ್ತಾಳ. ತನ್ನ ಮಕ್ಕಳ ಡಬ್ಬಿ ಅಂದ್ರ ಬಿಡ್ತಾಳೇನು?"

ಮೆಟ್ಟಿಲ ಮೇಲೆ ನಂದಿನಿ ಕಲ್ಲಾಟ ಆಡುತ್ತಿದ್ದಳು. ಕಲ್ಲು ಕೈಯಲ್ಲೇ ನಿಂತವು.

ಹೊರಡುವಾಗ ಲಕ್ಷ್ಮಿಕಾಂತ ನೆಲ ನೋಡುತ್ತ ಹೇಳಿದ: "ಉಗಾದಿ ತನಕಾ ನೋಡೂಣ್ರಿ ಅಕ್ಕಾರ. ಹಿಂಗೇ ಆಗಾಕತ್ರ ಹುಡುಗರು ಕಕ್ಕೇರಾದಾಗೇ ಇರ್ಲಿ. ಅವ್ವ ನೋಡ್ಕೋತಾಳ. ಅಲ್ಲೂ ಶಾಲಿ ಅದ."

ನನಗಿರುವವರು ಈ ಇಬ್ಬರೇ ಎಂದು ಹೇಳಲಿಲ್ಲ. ಅದು ಹೇಳುವ ಮಾತಲ್ಲ.

ಮಾರ್ಚ್ 15, ಶನಿವಾರ. ಸಂಜೆ

ಡಬ್ಬಿಗಳನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದಿದ್ದೆ. ಪಕ್ಕದ ಮನೆಯ ಶರೀಫಾಬೀ ಹತ್ತಿರ ಹೊಸ ಹೆಪ್ಪು. "ಮ್ಯಾಡಂ, ನಮ್ಮ ಮೊಸರು ಕಲ್ಲಿದ್ದಂಗ ಇರ್ತದ, ಎರಡು ದಿನ ಕೆಡಂಗಿಲ್ಲ" ಎಂದಿದ್ದಳು. ಬಸ್ಸಿಗೆ ಥರ್ಮಾಕೋಲ್ ಡಬ್ಬಿ ಬೇರೆ.

ಹಳಸಿತ್ತು.

ಇವತ್ತು ಇನ್ನೊಂದು ಕಂಡೆ. ಎರಡೂ ಡಬ್ಬಿಯ ಅನ್ನದಲ್ಲಿ, ಅಂಚಿನಲ್ಲಿ, ಒಂದು ಕುಳಿ. ತುತ್ತು ತೆಗೆದ ಹಾಗೆ. ಬೆರಳ ಗುರುತು ಇನ್ನೂ ಇತ್ತು. ನಾನು ರುಚಿ ನೋಡಿಲ್ಲ. ಅಕ್ಟೋಬರ್‌ನಿಂದ ಮೊಸರನ್ನ ನನ್ನ ಬಾಯಿಗೆ ಹೋಗಿಲ್ಲ.

ನಂದಿನಿಯನ್ನು ಕೇಳಿದೆ. ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಅವ್ವಗ ಹಸಿವಾಗಿರ್ತದ."

ಸಾಯಬಮ್ಮನ ಮಾತು ಮಗುವಿನ ತಲೆಯಲ್ಲಿ ಕೂತಿದೆ ಎಂದುಕೊಂಡೆ. ಆದರೂ ಮುಚ್ಚಳ ಹಾಕುವ ಮೊದಲು ಆ ಕುಳಿಯನ್ನು ಇನ್ನೊಮ್ಮೆ ನೋಡಿದೆ.

ಮಾರ್ಚ್ 16

ಬಾಲರಾಜ ನಿನ್ನೆ ಬಾಯಿಗಿಟ್ಟ ಹಳಸಿದ ತುತ್ತಿನ ಮೇಲೆ ಏನೂ ತಿಂದಿಲ್ಲ. ಭೇದಿ. ವಾಪಸ್ಸು ಬರುವಾಗ ಸುರಪುರದಲ್ಲಿ ಇಳಿದು ಡಾಕ್ಟರಿಗೆ ತೋರಿಸಿದೆ. ಸಲೈನ್. ಅಷ್ಟು ಸಣ್ಣ ಕೈ, ನರ ಸಿಗುತ್ತಿರಲಿಲ್ಲ. ಹುಡುಕಿ ಹುಡುಕಿ ಚುಚ್ಚಿದರು. ಅವನು ಅಳಲಿಲ್ಲ. ಅದೇ ಹೆದರಿಕೆ.

ಲಕ್ಷ್ಮಿಕಾಂತನಿಗೆ ಫೋನ್ ಮಾಡಿದೆ. "ಆತ್ರಿ" ಎಂದ. ಇಟ್ಟ.

ಮಾರ್ಚ್ 18

ಕ್ಲಾಸಿನಲ್ಲಿ ಶೋಕಗೀತೆ ಪಾಠ. ಅರ್ಧಕ್ಕೆ ನಿಲ್ಲಿಸಿದೆ. ಕವಿತೆಗಳಲ್ಲಿ ಸತ್ತವರು ಗಾಳಿಯಾಗುತ್ತಾರೆ, ನಕ್ಷತ್ರವಾಗುತ್ತಾರೆ, ಹೂವಿನ ವಾಸನೆಯಾಗಿ ಬರುತ್ತಾರೆ. ಇಷ್ಟು ವರ್ಷ ಓದಿದೆ. ಹಸಿದುಕೊಂಡಿರುವ ಸತ್ತವರು ಒಬ್ಬರೂ ಸಿಗಲಿಲ್ಲ.

ಬರೆದುಬಿಡುತ್ತೇನೆ. ದಸರಾ ರಜೆಗೆ ನಾರಾಯಣಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಸರಿತಾಗೆ ಹೊಟ್ಟೆನೋವು. ಸುರಪುರದಲ್ಲಿ ಡಾಕ್ಟರು ನೋಡಿ, ಒಳಗೇ ರಕ್ತ ಹರಿಯುತ್ತಿದೆ, ಕಲಬುರಗಿಗೆ ಒಯ್ಯಿರಿ, ಆಪರೇಷನ್ ಆಗಬೇಕು, ಬಾಯಿಗೆ ಹನಿ ನೀರೂ ಬೇಡ ಎಂದರು. ಸರಿಯಾಗೇ ಹೇಳಿದರು. ಅಂಬುಲೆನ್ಸಿನಲ್ಲಿ ನರ್ಸು, ನಾನು. ಮುಂದೆ ಡ್ರೈವರ್ ಪಕ್ಕ ಲಕ್ಷ್ಮಿಕಾಂತ. ಬಾಲರಾಜನನ್ನು ಪಕ್ಕದವರ ಮನೆಯಲ್ಲಿ ಬಿಟ್ಟಿದ್ದೆವು. ನಂದಿನಿ ಅವ್ವನ ಸೆರಗು ಬಿಡದೆ ಹತ್ತಿ ಕೂತಿದ್ದಳು. ಅವಳಿಗೆಂದು ಗಡಿಬಿಡಿಯಲ್ಲಿ ತುಂಬಿಕೊಂಡ ಡಬ್ಬಿ ನನ್ನ ತೊಡೆಯ ಮೇಲೆ.

"ಅಕ್ಕಾ, ಹಸಿವಾಗ್ಯದ. ಮೊಸರನ್ನ ತಂದೀಯೇನು?"

ನರ್ಸು ಬೇಡವೆಂದು ತಲೆಯಾಡಿಸಿದಳು. "ಕಲಬುರಗಿ ಮುಟ್ಟಿದ ಮ್ಯಾಲ ಕೊಡ್ತೀನಿ" ಎಂದೆ. ಸರಿತಾ ಕಣ್ಣು ಮುಚ್ಚಿದಳು. ಕಾಲುವೆ ಸೇತುವೆಯ ರೋಡ್ ಹಂಪಿನಲ್ಲಿ ಗಾಡಿ ಎಗರಿತು. ಕಿಟಕಿಯಲ್ಲಿ ಒಂಟಿ ಬೇವಿನ ಮರ ಕಂಡ ನೆನಪು. ಅಷ್ಟೇ. ಶಹಾಪುರ ಇನ್ನೂ ಬಂದಿರಲಿಲ್ಲ.

ನಂದಿನಿ ನಿದ್ದೆ ಹೋಗಿದ್ದಳು. ಹಾಗಂದುಕೊಂಡಿದ್ದೆ.

ಈಗಲೂ ಬಸ್ಸು ಆ ಹಂಪಿಗೆ ಬಂದರೆ ನಾನು ಕಣ್ಣು ಮುಚ್ಚುತ್ತೇನೆ. ಬಸ್ಸು ಅಲ್ಲಿ ನಿಧಾನವಾಗುತ್ತದೆ. ಕಂಡಕ್ಟರ್ ಮಲ್ಲಿನಾಥ ಪ್ರತಿ ಸಲ ಕೂಗುತ್ತಾನೆ: "ಯಾರರ ಇಳಿಯಾವ್ರು ಇದ್ದೀರೇನ್ರಿ?" ಅಲ್ಲಿ ಊರಿಲ್ಲ. ಯಾರೂ ಇಳಿಯುವುದಿಲ್ಲ. ಯಾರೋ ಹತ್ತಿದ ಹಾಗೆ ಮಾತ್ರ ಅನಿಸುತ್ತದೆ...

ಮಾರ್ಚ್ 22, ಶನಿವಾರ. ಸಂಜೆ

ಬೆಳಿಗ್ಗೆ ಒದ್ದೆ ಬಟ್ಟೆಯ ಮಡಿಕೆಯಲ್ಲಿ ಇದ್ದಲಿ ಚೂರು ಇಟ್ಟೆ. ಬರೆಯಲು ನಾಚಿಕೆ. ಇಟ್ಟೆ.

ಹಂಪು ಬಂತು. ಕಣ್ಣು ಮುಚ್ಚಿದೆ. ತೊಡೆಯ ಮೇಲಿದ್ದ ಬಾಲರಾಜ ನನ್ನ ಗದ್ದ ಹಿಡಿದು ಜಗ್ಗಿದ. "ದೊಡ್ಡವ್ವ, ನೋಡು. ಅಕ್ಕ."

ಕಣ್ಣು ತೆರೆದೆ. ನಂದಿನಿಗೆ ಯಾವಾಗಲೂ ಬಲಗಡೆ ಕಿಟಕಿಯೇ ಬೇಕೆಂಬ ಹಟ. ಶಾಲೆಯ ಕರವಸ್ತ್ರದ ಗಂಟು ಬಿಚ್ಚುತ್ತಿದ್ದಳು. ಒಳಗೆ ಹಿಡಿಯಷ್ಟು ಅನ್ನ, ಕರಗಿ ಅಂಟಾಗಿತ್ತು. ಕಂಬಿಯಾಚೆ ಕೈ ಚಾಚಿ ಬೇವಿನ ಮರದತ್ತ ಎಸೆದಳು. ತುಟಿ ಅಲುಗಿತು. ಸದ್ದು ಕೇಳಲಿಲ್ಲ. ತುಟಿ ಓದಿದೆ: "ಉಣ್ಣು."

ಕಂಬಿಗೆ ನಾಲ್ಕು ಅಗುಳು ಅಂಟಿಕೊಂಡು ಸುರಪುರದವರೆಗೂ ಬಂದವು.

ಡಬ್ಬಿ ತೆಗೆದೆ. ಹಳಸಿತ್ತು. ಕೈ ಬಿದ್ದ ಅನ್ನ ಈ ಸೆಖೆಗೆ ಮಧ್ಯಾಹ್ನದವರೆಗೆ ತಡೆಯುವುದಿಲ್ಲ. ಅದೂ ಬೆಳಗಿನಿಂದ. ಬಾಲರಾಜನಿಗೆಂದು ಬೇರೆ ಚೀಲದಲ್ಲಿ ರವೆ ಗಂಜಿ ಒಯ್ದಿದ್ದೆ. ಅರ್ಧ ಕುಡಿದ. ವಾಂತಿಯಾಗಲಿಲ್ಲ.

ಕಾರಣ ಸಿಕ್ಕಿತು. ಹೆದರಿಕೆ ಹೋಗಲಿಲ್ಲ.

ಮಾರ್ಚ್ 23

ಬೆಳಿಗ್ಗೆ ನಂದಿನಿಯನ್ನು ಡ್ಯಾಮಿನ ಕಡೆ ತಿರುಗಾಡಲು ಕರೆದೊಯ್ದೆ. ನೀರು ನೋಡುತ್ತ ಕೂತೆವು. ಬೈಯುವುದಿಲ್ಲ ಎಂದೆ.

"ಯಾವಾಗ ತಗೀತಿದ್ದಿ?"

"ನೀ ಜಳಕಕ್ಕ ಹೋದಾಗ."

"ಚಮಚಾದಿಂದ ಯಾಕ ತಗೀಲಿಲ್ಲ?"

"ಚಮಚಾದಿಂದ ಯಾರರ ಉಣಸ್ತಾರೇನು ದೊಡ್ಡವ್ವ? ಅವ್ವ ಕೈಲೇ ಉಣಸ್ತಿದ್ಲು."

"ತಮ್ಮನ ಡಬ್ಬಿದು ಯಾಕ?"

"ಇಬ್ಬರದೂ ಇರಬೇಕಲ್ಲ? ಬರೇ ನಂದೇ ಕೊಟ್ರ, ಬಾಲು ನನ್ನ ಮರ್ತಾನಂತ ಅಳ್ತಾಳ."

ಹಾಲೂ ಅಷ್ಟೇ. ಥರ್ಮಾಸಿನಿಂದ ತುಸು ಹಾಲು ಸುರಿದು ತುತ್ತು ಮೆತ್ತಗೆ ಮಾಡುತ್ತಿದ್ದಳಂತೆ. ಮುಚ್ಚಳ ತಿರುಗಿಸಿ ಬಿಗಿ ಮಾಡಲು ಆ ಕೈಗೆ ಶಕ್ತಿಯಿಲ್ಲ.

ಆಮೇಲೆ, ನಾನು ಕೇಳದೆಯೇ: "ಅವತ್ತ ಅವ್ವ ಕೇಳಿದ್ಲು. ಡಬ್ಬಿ ನಿನ್ನ ಹಂತ್ಯಾಕೇ ಇತ್ತು."

"ನರ್ಸಮ್ಮ ಬ್ಯಾಡ ಅಂದಿದ್ಲವ್ವ."

"ಗೊತ್ತದ." ಸಣ್ಣ ಕಲ್ಲೊಂದನ್ನು ನೀರಿಗೆ ಎಸೆದಳು. "ಈಗ ನರ್ಸಮ್ಮ ಇಲ್ಲಲ್ಲ."

ಲಕ್ಷ್ಮಿಕಾಂತನಿಗೆ ಹೇಳಲಿಲ್ಲ. ಹೇಳಿದರೆ ಸಾಯಬಮ್ಮನಿಗೆ ಗೊತ್ತಾಗುತ್ತದೆ, ನಂದಿನಿಗೆ ಗಾಳಿ ಸೋಕಿದೆ ಎನ್ನುತ್ತಾಳೆ. ಕಕ್ಕೇರಾಕ್ಕೆ ಒಯ್ದು ತಾಯತ ಕಟ್ಟಿಸುತ್ತಾಳೆ. ಮಗುವಿಗೆ ಇಷ್ಟೇ ಹೇಳಿದೆ: ಇನ್ನು ಮೇಲೆ ಅವ್ವನಿಗೆ ಬೇರೆ ಡಬ್ಬಿ. ನಿಮ್ಮ ಡಬ್ಬಿಗೆ ಕೈ ಹಾಕಬೇಡ.

"ಖರೇನಾ?"

"ಖರೇನ."

"ಅವ್ವಂದು ಪೂರಾ ಡಬ್ಬಿ?"

ಮಾರ್ಚ್ 29, ಶನಿವಾರ. ಸಂಜೆ

ಮೂರು ಡಬ್ಬಿ.

ಮೂರನೆಯದು ಹಳೆಯದು. ಮುಚ್ಚಳಕ್ಕೆ ಒಂದು ಕಡೆ ತಗ್ಗು. ಸಣ್ಣವರಿದ್ದಾಗ ಬಳಿಚಕ್ರದ ಅಜ್ಜಿಯ ಮನೆಗೆ ಹೋಗುವಾಗ ನನಗೂ ಸರಿತಾಗೂ ಇದೊಂದೇ. ನಾನು ಉಣ್ಣಿಸುತ್ತಿದ್ದೆ. ಒಂದು ತುತ್ತು ಅವಳಿಗೆ, ಒಂದು ನನಗೆ. ಸಣ್ಣವಳೆಂದು ಅವಳಿಗೇ ಎರಡು ಕೊಡಹೋದರೆ ಹಲ್ಲು ಬಿಗಿ ಹಿಡಿಯುತ್ತಿದ್ದಳು. "ನಿನ್ನ ಪಾಳಿ, ಅಕ್ಕ. ನೀ ತಿನ್ನು." ನಾನು ತಿಂದ ಮೇಲೆಯೇ ಬಾಯಿ ತೆರೆಯುತ್ತಿದ್ದಳು.

ಹಂಪಿನಲ್ಲಿ ಕಣ್ಣು ತೆರೆದೇ ಇದ್ದೆ. ನಂದಿನಿ ಮೂರನೆಯ ಡಬ್ಬಿ ತೆಗೆದು ಕೈಯಿಂದಲೇ ಎಸೆದಳು. ಮುಂದಿನ ಸೀಟಿನವನು ತಿರುಗಿದ. "ಏ ಬೇಬಿ, ಅನ್ನ ಚೆಲ್ತಾರೇನು?" ಮಲ್ಲಿನಾಥ ಅವನ ಹೆಗಲು ತಟ್ಟಿದ. "ನಿಮ್ಮ ಮ್ಯಾಲ ಬಿದ್ದಿಲ್ಲಲ್ರಿ ಮಾಲಕರ, ಮುಂದ ನೋಡ್ರಿ." ಮಲ್ಲಿನಾಥನಿಗೆ ಎಷ್ಟು ಗೊತ್ತೋ.

ಸುರಪುರ. ಮುಚ್ಚಳ ತೆಗೆದೆ. ಮೂಸಲಿಲ್ಲ, ಉಸಿರು ಹಿಡಿದಿದ್ದೆ. ಅನ್ನ ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು. ಬಾಲರಾಜ ಡಬ್ಬಿಯೊಳಗೆ ಮುಖ ಹಾಕಿ ತಿಂದ. ಮೂಗಿಗೆ, ಹುಬ್ಬಿಗೆ ಮೊಸರು. ನೆಕ್ಕಿ, ಡಬ್ಬಿ ತಲೆಕೆಳಗು ಮಾಡಿ ತೋರಿಸಿದ: "ಖಲ್ಲಾಸ್!"

ಎಲ್ಲರ ಮುಂದೆ ಅತ್ತುಬಿಟ್ಟೆ.

ಮಾರ್ಚ್ 30, ಉಗಾದಿ

ಬಾಲರಾಜ ಅಂಗಳದಲ್ಲಿ ಓಡಾಡುತ್ತಿದ್ದಾನೆ. ಸಾಯಬಮ್ಮ ನನ್ನನ್ನು ಒಲೆಯ ಬಳಿ ಎಳೆದುಕೊಂಡು ಹೋಗಿ ಕಿವಿಯಲ್ಲಿ: "ಇದ್ದಲಿ ಇಟ್ಟಿದ್ದಿ ಹೌದಿಲ್ಲೊ?"

"ಇಟ್ಟಿದ್ದೆರಿ."

"ಮತ್ತ! ಓದಿದವರಿಗಿ ತಡಾಗಿ ತಿಳಿತದ."

ಊಟದ ಮೇಲೆ ಲಕ್ಷ್ಮಿಕಾಂತ: "ಅಕ್ಕಾರ, ಇರ್ಲಿ ಬಿಡ್ರಿ. ಸೂಟಿಗಿ ಇಲ್ಲಿ ಬರ್ಲಿ. ಜೂನ್ದಾಗ ಮತ್ತ ನಿಮ್ಮ ಹಂತ್ಯಾಕೇ ಇರ್ಲಿ. ಸರಿತಾಂದೂ ಅದೇ ಮನಸಿತ್ತು."

ಏಪ್ರಿಲ್ 12, ಶನಿವಾರ

ಬೇಸಿಗೆ ಸೂಟಿ ಶುರು. ಮಕ್ಕಳನ್ನು ಬಿಟ್ಟುಬಂದೆ. ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಹೋಗುವಾಗ ಹಂಪು ದಾಟಿತು. ನಂದಿನಿ ಮೂರನೆಯ ಡಬ್ಬಿ ತೆಗೆಯಲೇ ಇಲ್ಲ. ತಮ್ಮನಿಗೆ ಮೈಲಿಗಲ್ಲು ಓದಿ ಹೇಳುತ್ತಿದ್ದಳು. ನೆನಪಿಸಿದೆ.

"ಸಾಕಂತ."

"ಯಾರಿಗಿ?"

"ಅವ್ವಗ. ಹೊಟ್ಟಿ ತುಂಬ್ಯದಂತ." ಮತ್ತೆ ಕಲ್ಲು ಓದಲು ಹೋದಳು.

ಸಮಾಧಾನ ಪಡಬೇಕು. ಮಗು ಭಾರ ಇಳಿಸಿಕೊಂಡಿತು. ಆದರೆ ಡಬ್ಬಿ ನನ್ನ ತೊಡೆಯ ಮೇಲಿದೆ, ತುಂಬಿದ್ದು ತುಂಬಿದ ಹಾಗೇ. ಸರಿತಾ ಅವಳಿಗೆ ಹೇಳಿದ್ದಾಳಂತೆ. ನನಗೆ ಯಾಕೆ ಹೇಳಲಿಲ್ಲ?

ಏಪ್ರಿಲ್ 26, ಶನಿವಾರ. ಬೆಳಿಗ್ಗೆ

ಮಕ್ಕಳನ್ನು ನೋಡಲು ಒಬ್ಬಳೇ ಹೊರಟಿದ್ದೇನೆ. ಬುತ್ತಿ ಬೇಕಾಗಿಲ್ಲ. ಅವರು ಅಲ್ಲೇ ಊಟ ಮಾಡಿರುತ್ತಾರೆ.

ಅನ್ನ ಆರಿತು. ಹಾಲು ಸುರಿದೆ.

ಮಧ್ಯಾಹ್ನ. ಬೇವಿನ ಮರದ ಕೆಳಗೆ

"ಹುಡುಗ್ರು ಎಲ್ರಿ ಮ್ಯಾಡಂ? ಬುತ್ತಿ ಯಾರಿಗಿ ಮತ್ತ?" ಮಲ್ಲಿನಾಥ ಶಹಾಪುರದಲ್ಲೇ ಕೇಳಿದ್ದ. ನಕ್ಕೆ. ಹಂಪಿನಲ್ಲಿ ಎಂದಿನಂತೆ ಕೂಗಿದ, ಯಾರರ ಇಳಿಯಾವ್ರು ಇದ್ದೀರೇನ್ರಿ?

"ನಾನು."

"ಇಲ್ಲಿ ಏನದ್ರಿ?" ಎಂದವನು ನನ್ನ ಮುಖ ನೋಡಿ ಸೀಟಿ ಹೊಡೆದ. "ಹಿಂದ ಬರೋ ಗಾಡ್ಯಾಗ ನಮ್ಮ ಡ್ರೈವರ್ ಶರೀಫಸಾಬ ಅದಾನ್ರಿ. ಕೈ ಮಾಡ್ರಿ, ನಿಂದರಸ್ತಾನ." ಬಸ್ಸು ಹೋಯಿತು.

ಕಾಲುವೆ ಬತ್ತಿದೆ. ಮರದ ಬುಡದಲ್ಲಿ ಬೇವಿನ ಹೂವು ಉದುರಿ ದಟ್ಟವಾಗಿದೆ. ಅನ್ನದ ಅಗುಳು ಒಂದೂ ಇಲ್ಲ. ಇರುವುದಾದರೂ ಹೇಗೆ. ಬಿಸಿಲು ಸುಡುತ್ತಿದೆ, ಮರದಡಿ ಮಾತ್ರ ತಣ್ಣಗಿದೆ. ಪಕ್ಕದಲ್ಲಿ ಯಾರೋ ಸರಿದು ಜಾಗ ಕೊಟ್ಟ ಹಾಗೆ...

ಡಬ್ಬಿ ತೆಗೆದೆ. ಹಳಸಿಲ್ಲ. ಎಷ್ಟು ಚೆನ್ನಾಗಿ ಹೆಪ್ಪಾಗಿದೆ. ಒಂದು ತುತ್ತು ಮಾಡಿ ಬೇರಿನ ಮೇಲಿಟ್ಟೆ. "ಉಣ್ಣು, ಸರಿತಾ."

ಗಾಳಿಯಿಲ್ಲ. ಎಲೆ ಅಲ್ಲಾಡುತ್ತಿಲ್ಲ.

ಹಲ್ಲು ಬಿಗಿ ಹಿಡಿದಿದ್ದಾಳೆ. ಈಗ ತಿಳಿಯಿತು. ಅಕ್ಟೋಬರ್‌ನಿಂದ ನಾನು ಒಂದು ತುತ್ತೂ...

ನನ್ನ ಪಾಳಿ. ಕೈ ಅಂಟಾಗಿದೆ, ಪೆನ್ನು ಜಾರುತ್ತಿದೆ. ಬಾಯಿಗೆ—